ಕಾಲಿಲ್ಲದ ಹಾವುರಾಣಿ: ನಮ್ಮ ಕಡೂರಿನ ಕುರುಚಲು ಕಾಡಿನಲ್ಲೂ ಇರಬಹುದಾ?

ಕಡೂರು_ತೆಂಗು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಹತ್ತಿರ ಸ್ಟೆಲೆನ್‌ಬಾಶ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ವಾರ ಮನೆಯವರ ಗುಂಪಿಗೆ ಒಂದು ವಿಡಿಯೊ ಹಾಕಿದ. ಹಿತ್ತಲಿನ ಕಲ್ಲಿನ ಕೆಳಗೆ ಸಿಕ್ಕಿದ ಪ್ರಾಣಿ. ಗೇಣುದ್ದ ಇದೆ, ಕಾಲಿಲ್ಲ, ಮೈಯೆಲ್ಲ ನುಣುಪು. ಅಮ್ಮ ನೋಡಿದ ಕೂಡಲೇ "ಹಾವಿನ ಮರಿ ಕಣೋ, ಅದನ್ನ ಮುಟ್ಟಬೇಡ" ಅಂದರು. ಆದರೆ ವಿಡಿಯೊದ ಕೊನೆಯಲ್ಲಿ ಅದು ರೆಪ್ಪೆ ಮುಚ್ಚಿ ತೆರೆಯಿತು! ಹಾವಿಗೆ ರೆಪ್ಪೆ ಇರಲ್ಲ ಅಲ್ವಾ? ಅಲ್ಲಿ ಅದಕ್ಕೆ ಕೇಪ್ ಲೆಗ್‌ಲೆಸ್ ಸ್ಕಿಂಕ್ ಅನ್ನುತ್ತಾರಂತೆ. ನಮ್ಮ ಹಾವುರಾಣಿಯ ಬಳಗ, ಆದರೆ ಕಾಲೇ ಇಲ್ಲ.

ಈಗ ನನ್ನ ವಿಷಯ. ಬಾಸೂರು ಕಡೆ ನಮಗೆ 2 ಎಕರೆ ಕುರುಚಲು ಜಮೀನಿದೆ. ಬಂದರೆ ಗಿಡ, ತಂಗಡಿ, ಕಾರೆ, ಒಂದಿಷ್ಟು ಜಾಲಿ. ತಾತನ ಕಾಲದ ಕಲ್ಲಿನ ಬದು ಉದ್ದಕ್ಕೂ ಹಾಗೇ ಇದೆ. ಮುಂಗಾರಿಗೆ ಮೊದಲು ಜೆಸಿಬಿ ತರಿಸಿ ಎಲ್ಲ ಸಮ ಮಾಡಿಸಿ ತೆಂಗಿನ ಸಸಿ ಇಡೋಣ ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ತಮ್ಮ ಹೇಳುವ ಪ್ರಕಾರ ಆ ಪ್ರಾಣಿ ಇರುವುದೂ ಇಂಥದ್ದೇ ಒಣ ಕುರುಚಲಿನಲ್ಲಿ, ಕಲ್ಲಿನಡಿ, ಪುಡಿಮಣ್ಣಿನಲ್ಲಿ. ಹಾಗಿದ್ದರೆ ನಮ್ಮ ಬದುವಿನ ಕೆಳಗೂ ಇಂಥದ್ದೇನಾದರೂ ಇದೆಯಾ? ಯಂತ್ರ ಬರುವ ಮೊದಲು ತಿಳಿದುಕೊಳ್ಳಬೇಕು. ಗೊತ್ತಿದ್ದವರು ಹೇಳಿ.

ಬೀರೂರು_ಜಂಕ್ಷನ್

ಇದೆ ಗುರು. ನಮ್ಮ ಹುಲ್ಲಿನ ಮೆದೆ ಕೆಳಗೆ ನಾನೇ ನೋಡಿದ್ದೇನೆ. ಕಂದು ಮೈ, ಬಾಲ ಕೆಂಪು. ಕಾಲು ಇರಲಿಲ್ಲ.

ಉರಗ_ಹಾಸನ

@ಬೀರೂರು_ಜಂಕ್ಷನ್ ಅಣ್ಣ, ಕೆಂಪು ಬಾಲ ಅಂದರೆ ಅದು ಚುಕ್ಕೆ ಹಾವುರಾಣಿಯ ಮರಿ. ಅದಕ್ಕೆ ನಾಲ್ಕು ಕಾಲಿದೆ. ತೀರಾ ಗಿಡ್ಡ, ಕಡ್ಡಿಯಷ್ಟು ಸಣ್ಣ. ಗಾಬರಿಯಾದಾಗ ಕಾಲನ್ನು ಮೈಗೆ ಒತ್ತಿಕೊಂಡು ತರಗೆಲೆ ನಡುವೆ ಹೊರಳಿಕೊಂಡು ಹೋಗುತ್ತದೆ. ಆಗ ಕಾಲು ಕಾಣುವುದೇ ಇಲ್ಲ. ನನಗೆ ಬರುವ "ಹಾವಿನ ಮರಿ ಬಂದಿದೆ, ಬೇಗ ಬನ್ನಿ" ಕರೆಗಳಲ್ಲಿ ಎಷ್ಟೋ ಇವೇ. ಹೋಗುವಷ್ಟರಲ್ಲಿ ಪೊರಕೆಯಿಂದ ಹೊಡೆದು ಹಾಕಿರುತ್ತಾರೆ. ಬಹಳ ಬೇಜಾರಾಗುತ್ತದೆ. ಅದಕ್ಕೆ ವಿಷವೇ ಇಲ್ಲ.

ಬೀರೂರು_ಜಂಕ್ಷನ್

ಒಂದು ಮಾರು ದೂರದಿಂದ ನೋಡಿದ್ದು ಸಾರ್. ಕಾಲಿದ್ದರೆ ಕಾಣುತ್ತಿತ್ತು.

ಉರಗ_ಹಾಸನ

ಮುಂದಿನ ಸಲ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮುಂಗಾಲು ಕತ್ತಿನ ಹಿಂದೆಯೇ ಇರುತ್ತದೆ, ಹಿಂಗಾಲು ಬಾಲದ ಬುಡದಲ್ಲಿ. ನಡುವೆ ಉದ್ದಕ್ಕೆ ಬರೀ ಮೈ. ಅದಕ್ಕೇ ಕಣ್ಣು ತಪ್ಪುತ್ತದೆ.

ಅರಸೀಕೆರೆ_ಅಜ್ಜಿಮನೆ

ನಮ್ಮಜ್ಜಿ ಹಾವುರಾಣಿ ಕಂಡರೆ ಮಕ್ಕಳನ್ನೆಲ್ಲ ಒಳಗೆ ಕಳಿಸುತ್ತಿದ್ದರು. ಅದು ನೆಕ್ಕಿದರೆ ಮನುಷ್ಯ ಉಳಿಯಲ್ಲ ಅನ್ನುತ್ತಿದ್ದರು. ಇದು ನಿಜಾನಾ?

ಉರಗ_ಹಾಸನ

ಇಲ್ಲ ಅಕ್ಕ. ನೆಕ್ಕಿದರೂ ಏನಿಲ್ಲ, ಕಚ್ಚಿದರೂ ಏನಿಲ್ಲ. ಯಾವ ಜಾತಿಯ ಹಾವುರಾಣಿಗೂ ವಿಷವಿಲ್ಲ, ಕಾಲಿರಲಿ ಇಲ್ಲದಿರಲಿ. ಈ ನಂಬಿಕೆ ಕೇರಳದಲ್ಲೂ ಇದೆ.

ಮೇಷ್ಟ್ರು_ತರೀಕೆರೆ

ತೆಂಗು ಅವರೇ, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ತಮ್ಮ ನೋಡಿದ್ದು ಅಕಾಂಟಿಯಾಸ್ ಮೆಲಿಯಾಗ್ರಿಸ್. ಅದು ದಕ್ಷಿಣ ಆಫ್ರಿಕಾ ಬಿಟ್ಟು ಬೇರೆಲ್ಲೂ ಇಲ್ಲ. ಲಿನೇಯಸ್ 1758ರಲ್ಲೇ ಅದಕ್ಕೆ ಹೆಸರಿಟ್ಟ. ಅಕಾಂಟಿಯಾಸ್ ಬಳಗದಲ್ಲಿ ಯಾವುದಕ್ಕೂ ಹೊರಗೆ ಕಾಣುವ ಕಾಲಿಲ್ಲ, ಕಿವಿಯ ತೂತೂ ಇಲ್ಲ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಎರೆಹುಳ, ಗೆದ್ದಲು, ದುಂಬಿಯ ಹುಳ ತಿಂದುಕೊಂಡು ಮಣ್ಣಿನ ಮೇಲ್ಪದರದಲ್ಲೇ ಬದುಕು. ಅದೇ ಬಳಗದಲ್ಲಿ ಅರ್ಧ ಮೀಟರ್‌ವರೆಗೆ ಬೆಳೆಯುವ ದೊಡ್ಡದೊಂದಿದೆ, ಕಪ್ಪು ಬಣ್ಣದ್ದು.

ನಮ್ಮ ದೇಶದ ವಿಷಯಕ್ಕೆ ಬಂದರೆ, ಪೂರ್ತಿ ಕಾಲಿಲ್ಲದ ಹಾವುರಾಣಿಗಳು ಇರುವುದು ಪೂರ್ವದ ಕಡೆ, ಒಡಿಶಾ ಮತ್ತು ಆಂಧ್ರದಲ್ಲಿ. ಚಿಲಿಕಾ ಸರೋವರದಲ್ಲಿ ಬರ್ಕುಡಾ ಅಂತ ಒಂದು ಸಣ್ಣ ದ್ವೀಪ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಮೊದಲ ನಿರ್ದೇಶಕ ನೆಲ್ಸನ್ ಅನಂಡೇಲ್ 1917ರಲ್ಲಿ ಅಲ್ಲಿಂದ ಒಂದು ಜಾತಿಯನ್ನು ವಿವರಿಸಿದರು. ಆ ದ್ವೀಪದ ಹೆಸರಿನ ಮೇಲೇ ಅದು ಬರ್ಕುಡಿಯಾ ಆಯಿತು. ಅದರ ಇನ್ನೊಂದು ಸಂಬಂಧಿ ವಿಶಾಖಪಟ್ಟಣದ ಸುತ್ತ ಇದೆ. ಮೂರನೆಯದು ಸೆಪ್ಸೋಫಿಸ್. ಪೂರ್ವ ಘಟ್ಟಗಳದ್ದು. ಮದ್ರಾಸ್ ಸೈನ್ಯದ ಬೆಡೋಮ್ 1870ರಲ್ಲಿ ವಿವರಿಸಿದ್ದ. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಅದರ ಸುಳಿವೇ ಇರಲಿಲ್ಲ. ಮತ್ತೆ ಸಿಕ್ಕಿದ ಮೇಲೆ 2013ರಲ್ಲಿ ವಿವರವಾದ ಲೇಖನ ಬಂತು. ಅದನ್ನು ಬರೆದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು.

ಕಡೂರಿನಲ್ಲಿ ಸಿಗುತ್ತದೆ ಅನ್ನಲು ಯಾವ ಆಧಾರವೂ ಇಲ್ಲ. ಆದರೆ ಒಂದು ಮಾತು ಗಮನಿಸಿ. ಮಣ್ಣಿನೊಳಗೆ ಬದುಕುವ ಪ್ರಾಣಿ ಹಗಲು ಹೊತ್ತು ರಸ್ತೆ ದಾಟಿ ನಮಗೆ ದರ್ಶನ ಕೊಡುವುದಿಲ್ಲ. ಕಲ್ಲು ಎತ್ತಿ ನೋಡಿದವರಿಗೆ ಮಾತ್ರ ಸಿಗುತ್ತದೆ. ಪಶ್ಚಿಮ ಘಟ್ಟದ ಕಾಡಿಗೆ ಹೋಗುವಷ್ಟು ಜನ ಬಯಲುಸೀಮೆಯ ಕುರುಚಲಿಗೆ ಹೋಗಿ ಕಲ್ಲು ಎತ್ತಿಲ್ಲ.

ಚನ್ನರಾಯಪಟ್ಟಣ_ರಾಗಿ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಆದರೆ ರೈತನಿಗೆ 2 ಎಕರೆ ಅಂದರೆ ದೊಡ್ಡದು. ಇಲ್ಲದ ಪ್ರಾಣಿಗೋಸ್ಕರ ಜಮೀನು ಪಾಳು ಬಿಡಿ ಅಂತೀರಾ? ಇನ್ನೊಂದು ವಿಷಯ. ಹೊಲದಲ್ಲಿ ಕಾಲಿಲ್ಲದ್ದು ಹರಿದಾಡಿದರೆ ರೆಪ್ಪೆ ಮಿಟುಕಿಸುತ್ತಾ ಅಂತ ಕೂತು ನೋಡಲು ಆಗಲ್ಲ. ಪಕ್ಕದಲ್ಲಿ ಮಕ್ಕಳಿರುತ್ತಾರೆ. ನಾನಂತೂ ಮೊದಲು ಹೊಡೆಯುತ್ತೇನೆ.

ನರ್ಸಕ್ಕ_ಹೊಳೆನರಸೀಪುರ

ಹೊಡೆಯಲು ಹೋದಾಗಲೇ ಕಚ್ಚಿಸಿಕೊಳ್ಳುವವರು ಜಾಸ್ತಿ ಅಣ್ಣ. ಕೋಲು ಹಿಡಿದು ಹತ್ತಿರ ಹೋಗುತ್ತಾರೆ, ಅದು ತಿರುಗಿ ಬೀಳುತ್ತದೆ. ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡು ದೂರ ನಿಂತರೆ ಅದು ಅದರ ಪಾಡಿಗೆ ಹೋಗುತ್ತದೆ. ನಮ್ಮ ಕಡೆ ಪ್ರಾಣಕ್ಕೆ ಅಪಾಯ ತರುವುದು ಮುಖ್ಯವಾಗಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ನಾಲ್ಕನ್ನು ಗುರುತು ಹಿಡಿಯಲು ಮನೆಯವರೆಲ್ಲ ಕಲಿಯಬೇಕು. ಕಚ್ಚಿದರೆ ಮಂತ್ರ, ಬೇರು, ಬ್ಲೇಡು ಅಂತ ಹೊತ್ತು ಕಳೆಯಬೇಡಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಬನ್ನಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಬೇಕು, ಖಾಸಗಿಯವರೂ ಸೇರಿ. ಅಷ್ಟು ಗಂಭೀರ ವಿಷಯ ಇದು.

ಚನ್ನರಾಯಪಟ್ಟಣ_ರಾಗಿ

ನಾಲ್ಕನ್ನೂ ಗುರುತು ಹಿಡಿಯಬಲ್ಲೆ ಅಕ್ಕ. ರಾತ್ರಿ ಟಾರ್ಚ್ ಬೆಳಕಲ್ಲಿ ಮಾತ್ರ ಅಷ್ಟು ಧೈರ್ಯ ಸಾಲದು.

ಮೂಡಿಗೆರೆ_ಎಸ್ಟೇಟ್

ನಮ್ಮ ಕಾಫಿ ತೋಟದಲ್ಲಿ ಗೊಬ್ಬರದ ಗುಂಡಿ ಕೆದಕಿದಾಗ ಒಂದು ಬರುತ್ತದೆ. ನೀಲಿ ಮಿಶ್ರಿತ ಕಪ್ಪು ಬಣ್ಣ, ಅಂಟಂಟು ಮೈ, ಉದ್ದಕ್ಕೂ ಉಂಗುರದ ಗೆರೆ. ಆಳುಗಳು ಅದನ್ನೂ ಹಾವು ಅನ್ನುತ್ತಾರೆ. ಇದು ಕಾಲಿಲ್ಲದ ಹಾವುರಾಣಿ ಇರಬಹುದಾ?

ಮೇಷ್ಟ್ರು_ತರೀಕೆರೆ

ಅದು ಸಿಸಿಲಿಯನ್. ಕಪ್ಪೆಯ ಕಡೆಯ ನೆಂಟ. ಹುರುಪೆ ಹೊರಗೆ ಕಾಣುವುದಿಲ್ಲ, ಚರ್ಮ ಒದ್ದೆ ಇರುತ್ತದೆ. ಒಣ ಜಾಗದಲ್ಲಿ ಬದುಕುವುದಿಲ್ಲ. ನಿಮ್ಮ ಮಲೆನಾಡಿಗೆ ಸರಿ, ಕಡೂರಿಗಲ್ಲ.

ಮೂಡಿಗೆರೆ_ಎಸ್ಟೇಟ್

ಮಳೆಗಾಲದಲ್ಲಿ ಚಾರ್ಮಾಡಿ ರಸ್ತೆ ಮೇಲೆ ಮೋಟು ಬಾಲದ ಹಾವುಗಳು ಸತ್ತು ಬಿದ್ದಿರುತ್ತವಲ್ಲ, ಬಾಲದ ತುದಿಗೆ ಮಣ್ಣು ಮೆತ್ತಿಕೊಂಡು? ಅವು?

ಉರಗ_ಹಾಸನ

ಅವು ಶೀಲ್ಡ್‌ಟೇಲ್, ನಿಜವಾದ ಹಾವುಗಳೇ. ಮಣ್ಣಿನೊಳಗೇ ಇರುತ್ತವೆ, ಮರಿ ಹಾಕುತ್ತವೆ. ಭಾರತದ ಪರ್ಯಾಯ ದ್ವೀಪ ಮತ್ತು ಶ್ರೀಲಂಕಾ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬಿಸಲೆ ರಸ್ತೆಯಲ್ಲೂ ಹೀಗೇ ಸಾಯುತ್ತವೆ. ದಯವಿಟ್ಟು ಮಳೆ ಬಂದ ರಾತ್ರಿ ಘಾಟಿಯಲ್ಲಿ ನಿಧಾನ ಓಡಿಸಿ.

ಬೇಲೂರು_ಟೀಚರ್

ಎಲ್ಲರೂ ಒಂದೊಂದು ಹೆಸರು ಹೇಳುತ್ತಿದ್ದೀರಿ. ಹಾವು ಯಾವುದು, ಕಾಲಿಲ್ಲದ ಹಾವುರಾಣಿ ಯಾವುದು ಅಂತ ಗುರುತಿಸುವುದು ಹೇಗೆ? ಮಕ್ಕಳಿಗೆ ಹೇಳಿಕೊಡಬೇಕು.

ಉರಗ_ಹಾಸನ

ಮೇಡಂ, ಮೊದಲು ರೆಪ್ಪೆ. ಹಾವಿನ ಕಣ್ಣಿನ ಮೇಲೆ ಪಾರದರ್ಶಕ ಹುರುಪೆ ಇರುತ್ತದೆ, ಅದು ಮುಚ್ಚುವುದಿಲ್ಲ. ಪೊರೆ ಬಿಟ್ಟಾಗ ಆ ಕಣ್ಣಿನ ಮುಚ್ಚಳವೂ ಪೊರೆಯ ಜೊತೆ ಬರುತ್ತದೆ. ಎರಡನೆಯದು ಹೊಟ್ಟೆ. ಹಾವಿನ ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿಗಳು ಒಂದೇ ಸಾಲಿನಲ್ಲಿರುತ್ತವೆ. ಹಾವುರಾಣಿಗೆ ಬೆನ್ನಿನಲ್ಲೂ ಹೊಟ್ಟೆಯಲ್ಲೂ ಒಂದೇ ಅಳತೆಯ ಸಣ್ಣ ಹುರುಪೆ. ನಾಲಿಗೆಯನ್ನೂ ನೋಡಿ. ಹಾವಿನದ್ದು ಆಳಕ್ಕೆ ಸೀಳಿ ಎರಡಾಗಿರುತ್ತದೆ. ಹಾವುರಾಣಿಯದ್ದು ಚಪ್ಪಟೆ, ತುದಿಯಲ್ಲಿ ಸ್ವಲ್ಪ ಕಚ್ಚು ಅಷ್ಟೇ. ಬಾಲ ಉದ್ದ ಇದ್ದರೆ ಹಲ್ಲಿ ಜಾತಿ, ಮೋಟು ಇದ್ದರೆ ಹಾವು.

ಸಂಶೋಧಕಿ_ಚಿಕ್ಕಮಗಳೂರು

ಕೊನೆಯದನ್ನು ಒಪ್ಪಲ್ಲ ಅಣ್ಣ. ಬಾಲದ ಲೆಕ್ಕ ಯುರೋಪಿನ ಗ್ಲಾಸ್ ಲಿಜರ್ಡ್ ಅನ್ನುವ ಕಾಲಿಲ್ಲದ ಹಲ್ಲಿಗೆ ಸರಿ, ಅಕಾಂಟಿಯಾಸ್‌ಗೆ ಬರಲ್ಲ. ಅದರ ಬಾಲ ಗಿಡ್ಡ, ತುದಿ ಮೊಂಡ. ಮಣ್ಣು ಕೊರೆಯುವ ಜಾತಿಗಳಲ್ಲಿ ಬಾಲ ಗಿಡ್ಡವಾಗುತ್ತದೆ. ಹುಲ್ಲಿನ ಮೇಲೆ ಓಡಾಡುವ ಕಾಲಿಲ್ಲದ ಹಲ್ಲಿಗಳಲ್ಲಿ ಉದ್ದವಾಗುತ್ತದೆ.

ಹೊಟ್ಟೆಯ ಪರೀಕ್ಷೆಯೂ ಎಲ್ಲ ಕಡೆ ನಡೆಯಲ್ಲ. ನಮ್ಮ ಬಚ್ಚಲಲ್ಲಿ ಬರುವ ಹುಳುಹಾವು ಇದೆಯಲ್ಲ, ಅದು ಹಾವೇ. ಆದರೆ ಅದರ ಹೊಟ್ಟೆಯಲ್ಲಿ ಅಗಲ ಪಟ್ಟಿ ಇಲ್ಲ, ಸುತ್ತಲೂ ಒಂದೇ ಹುರುಪೆ. ಮಣ್ಣುಮುಕ್ಕ ಹಾವಿನಲ್ಲೂ ಪಟ್ಟಿ ಬಹಳ ಕಿರಿದು. ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬಾರದು. ರೆಪ್ಪೆ, ಹೊಟ್ಟೆ, ನಾಲಿಗೆ ಮೂರನ್ನೂ ಒಟ್ಟಿಗೆ ನೋಡಬೇಕು. ಮಕ್ಕಳು ನೋಡುವುದಾದರೆ ಫೋಟೊದಲ್ಲಿ ಮಾತ್ರ.

ಉರಗ_ಹಾಸನ

ಹೊಲದಲ್ಲಿ ನಿಂತವರಿಗೆ ಅಷ್ಟೆಲ್ಲ ನೋಡಲು ಆಗಲ್ಲ ಮೇಡಂ. ಬಾಲದ ಗುರುತು ನಮ್ಮ ಕಡೆಯ ಹಾವುರಾಣಿಗಳಿಗೆ ಸಾಕು. ಆಫ್ರಿಕಾದ್ದಕ್ಕೆ ನಿಮ್ಮ ಮಾತು ಸರಿ.

ಸಂಶೋಧಕಿ_ಚಿಕ್ಕಮಗಳೂರು

ತೆಂಗು ಅವರ ಪ್ರಶ್ನೆ ಇರುವುದೇ ಕಾಲಿಲ್ಲದ್ದರ ಬಗ್ಗೆ ಅಲ್ವಾ ಅಣ್ಣ. ಅದಕ್ಕೇ ಹೇಳಿದೆ.

ಬೀರೂರು_ಜಂಕ್ಷನ್

ಹುಳುಹಾವು ಕಿವಿಯೊಳಗೆ ಹೋಗುತ್ತದೆ ಅಂತಾರೆ.

ಸಂಶೋಧಕಿ_ಚಿಕ್ಕಮಗಳೂರು

ಹೋಗಲ್ಲ. ಅದಕ್ಕೆ ಬೇಕಾಗಿರುವುದು ಇರುವೆ, ಗೆದ್ದಲಿನ ಮೊಟ್ಟೆ ಮತ್ತು ಮರಿ. ಇನ್ನೊಂದು ಸ್ವಾರಸ್ಯ ಕೇಳಿ. ಈ ಹುಳುಹಾವಿನಲ್ಲಿ ಗಂಡೇ ಇಲ್ಲ. ಎಲ್ಲವೂ ಹೆಣ್ಣು. ಗಂಡಿಲ್ಲದೆ ಮೊಟ್ಟೆ ಇಟ್ಟು ವಂಶ ಬೆಳೆಸುತ್ತದೆ. ಹೂಕುಂಡದ ಮಣ್ಣಿನ ಜೊತೆ ಸಾಗಿ ಪ್ರಪಂಚದ ಬಹಳ ದೇಶಗಳನ್ನು ಸೇರಿದೆ. ಒಂದೇ ಒಂದು ತಲುಪಿದರೂ ಸಾಕು, ಅಲ್ಲಿ ಸಂಸಾರ ಶುರು.

ಕೇಪ್_ತಮ್ಮ

ಅಣ್ಣ ಲಿಂಕ್ ಕಳಿಸಿದ, ಅದಕ್ಕೆ ಬಂದೆ. ವಿಡಿಯೊ ಮಾಡಿದವನು ನಾನೇ. ಇಷ್ಟು ಜನ ಮಾತಾಡುತ್ತಿರುವುದು ನೋಡಿ ಬಹಳ ಖುಷಿಯಾಯಿತು.

ಹತ್ತಿರದಿಂದ ಕಂಡದ್ದನ್ನು ಬರೆಯುತ್ತೇನೆ. ಕಲ್ಲು ಎತ್ತಿದಾಗ ಅರ್ಧ ಮೈ ಮಣ್ಣಿನೊಳಗಿತ್ತು, ಅರ್ಧ ಹೊರಗೆ. ಬೆನ್ನು ಹಿತ್ತಾಳೆ ಬಣ್ಣ. ಒಂದೊಂದು ಹುರುಪೆಯ ಮೇಲೂ ಒಂದೊಂದು ಕಂದು ಚುಕ್ಕೆ, ಹಾಗಾಗಿ ಉದ್ದಕ್ಕೂ ಚುಕ್ಕೆಯ ಸಾಲು. ಹೊಟ್ಟೆ ಮಾತ್ರ ಚುಕ್ಕೆಯಿಲ್ಲದ ತಿಳಿ ಹಳದಿ. ಮೂತಿಯ ಮೇಲೆ ಒಂದೇ ದೊಡ್ಡ ಹುರುಪೆ, ದರ್ಜಿಯ ಬೆರಳಿಗೆ ಹಾಕುವ ಅಂಗುಸ್ತಾನದ ಹಾಗೆ ಕೂತಿದೆ. ಅದನ್ನು ಮುಂದೆ ಮಾಡಿಕೊಂಡು ಮಣ್ಣಿಗೆ ನುಗ್ಗುತ್ತದೆ. ಕಣ್ಣು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಕೆಳರೆಪ್ಪೆ ಮೇಲಕ್ಕೆ ಬಂದು ಮುಚ್ಚಿತು. ನಮ್ಮ ಹಾಗೆ ಮೇಲಿಂದ ಕೆಳಕ್ಕಲ್ಲ. ನಾನು ಮುಟ್ಟಲಿಲ್ಲ. ನೋಡ್ತಾ ನೋಡ್ತಾ ಪುಡಿಮಣ್ಣಲ್ಲಿ ತಲೆ ಹಾಕಿ ಪೂರ್ತಿ ಒಳಗೆ ಹೋಯಿತು. ಕಲ್ಲನ್ನು ಮೆಲ್ಲಗೆ ಇದ್ದ ಹಾಗೇ ಇಟ್ಟೆ.

ಇಲ್ಲಿ ಇದು ಅಪರೂಪವಲ್ಲ. ತೋಟ ಮಾಡುವವರಿಗೆ ಗೊಬ್ಬರದ ರಾಶಿಯಲ್ಲೂ ಸಿಗುತ್ತದೆ. ಇಲ್ಲಿಯ ಕುರುಚಲಿಗೆ ಫಿನ್‌ಬೊಸ್ ಅನ್ನುತ್ತಾರೆ. ಆಳೆತ್ತರ ದಾಟದ ಗಿಡಗಳು, ಸಣ್ಣ ಗಡುಸು ಎಲೆ, ನಡುವೆ ಮರಳು. ದೂರದಿಂದ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಆದರೆ ಈ ಕೇಪ್ ಪ್ರದೇಶದಲ್ಲಿ ಸುಮಾರು 9,000 ಜಾತಿಯ ಗಿಡಗಳಿವೆ. ಅದರಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚು ಬೇರೆಲ್ಲೂ ಇಲ್ಲ. 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಮ್ಮೂರಲ್ಲಿ ಇಂಥ ಜಾಗಕ್ಕೆ ಪಾಳು ಅಂತೀವಿ. ಇಲ್ಲಿ ಬೇಲಿ ಹಾಕಿ ಕಾಯುತ್ತಾರೆ.

ಚನ್ನರಾಯಪಟ್ಟಣ_ರಾಗಿ

ತಮ್ಮ, ಅಲ್ಲಿ ಮಳೆ ಹೇಗೆ?

ಕೇಪ್_ತಮ್ಮ

ನಮ್ಮದಕ್ಕೆ ಉಲ್ಟಾ ಅಣ್ಣ. ಜೂನ್‌ನಿಂದ ಆಗಸ್ಟ್ ಚಳಿಗಾಲ, ಮಳೆ ಬರುವುದೂ ಆಗಲೇ. ಡಿಸೆಂಬರ್, ಜನವರಿ ಬೇಸಿಗೆ, ಆಗ ಒಣ. ಮಣ್ಣು ತೇವ ಇರುವಾಗ ಈ ಪ್ರಾಣಿ ಕಲ್ಲಿನಡಿ ಮೇಲಕ್ಕೆ ಸಿಗುತ್ತದೆ.

ತರೀಕೆರೆ_ಕಾವಲುಗಾರ

ಫಿನ್‌ಬೊಸ್‌ಗೆ ಬೆಂಕಿ ಬೇಕು ಅಂತ ಟೀವಿಯಲ್ಲಿ ನೋಡಿದ್ದೆ. ಅಲ್ಲಿ ವಿಜ್ಞಾನಿಗಳೇ ಬೆಂಕಿ ಹಾಕಿಸುತ್ತಾರಂತೆ. ನಮ್ಮಲ್ಲಿ ದನ ಮೇಯುವ ಹುಲ್ಲುಗಾವಲಿಗೆ, ಅಂದರೆ ಕಾವಲಿಗೆ, ಬೆಂಕಿ ಇಟ್ಟರೆ ಬೈತಾರೆ. ಹೊಸ ಹುಲ್ಲು ಬರಬೇಕಾದರೆ ಸುಡಲೇಬೇಕು.

ಸಂಶೋಧಕಿ_ಚಿಕ್ಕಮಗಳೂರು

ಎರಡೂ ಒಂದೇ ಅಲ್ಲ. ಫಿನ್‌ಬೊಸ್‌ನ ಎಷ್ಟೋ ಗಿಡಗಳ ಬೀಜ ಹೊಗೆ ತಾಗಿದ ಮೇಲೇ ಮೊಳೆಯುತ್ತದೆ. ಆದರೆ ಅಲ್ಲಿ ಒಂದು ಬೆಂಕಿಗೂ ಇನ್ನೊಂದಕ್ಕೂ ನಡುವೆ ಹತ್ತು ಹದಿನೈದು ವರ್ಷದ ಬಿಡುವು ಬೇಕು. ಬೇಗ ಬೇಗ ಬಿದ್ದರೆ ಪ್ರೋಟಿಯಾ ಗಿಡ ಬೀಜ ಕಟ್ಟುವ ಮೊದಲೇ ಸುಟ್ಟು ಹೋಗುತ್ತದೆ. ನಮ್ಮಲ್ಲಿ ಕೆಲವು ಕಡೆ ಪ್ರತಿ ವರ್ಷ ಹಚ್ಚುತ್ತಾರೆ. ತರಗು ಉಳಿಯಲ್ಲ, ತರಗಿಲ್ಲದೆ ಹುಳ ಉಳಿಯಲ್ಲ, ಹುಳ ಇಲ್ಲದೆ ಹಾವುರಾಣಿ ಏನು ತಿನ್ನಬೇಕು?

ತರೀಕೆರೆ_ಕಾವಲುಗಾರ

ಪ್ರತಿ ವರ್ಷ ಯಾರೂ ಬೇಕಂತ ಹಚ್ಚಲ್ಲ ಮೇಡಂ. ಬೀಡಿ ಬಿಸಾಕಿ ಹೋಗುವವರಿದ್ದಾರೆ. ದನ ಕಾಯುವವರ ಮೇಲೆ ಸುಮ್ನೆ ಹಾಕಬೇಡಿ.

ಮೇಷ್ಟ್ರು_ತರೀಕೆರೆ

ಕಾವಲಿನ ಮಾತು ಬಂತಲ್ಲ, ಒಂದೆರಡು ಸಾಲು. ಈ ಹುಲ್ಲುಗಾವಲುಗಳು ಮೈಸೂರು ಅರಸರು ದನಗಳಿಗೆಂದೇ ಬಿಟ್ಟವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆ ದನಗಳನ್ನು ನೋಡಿಕೊಳ್ಳುವ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಅಮೃತ ಮಹಲ್ ಅಂತ ಹೆಸರು ಬದಲಾಯಿಸಿದವನು ಟಿಪ್ಪು. ಹೈದರ್, ಟಿಪ್ಪು ಇಬ್ಬರ ಸೈನ್ಯಕ್ಕೂ ಫಿರಂಗಿ ಎಳೆಯಲು ಈ ಎತ್ತುಗಳೇ. ಅಜ್ಜಂಪುರದಲ್ಲಿ ತಳಿ ಕೇಂದ್ರ ಈಗಲೂ ಇದೆ. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಮಾಡಿದರು. ತೆಂಗು ಅವರ ಜಮೀನು ಅದರ ಹತ್ತಿರವೇ ಇರುವಂತಿದೆ. ಕೃಷ್ಣಮೃಗ ಇದ್ದರೆ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಮೀಸಲು ಸಿಕ್ಕಿತು. ಮಣ್ಣಿನೊಳಗಿರುವುದರ ಲೆಕ್ಕ ಯಾರೂ ಹಿಡಿದಿಲ್ಲ. ನನಗೆ ಇದು ನಿಜವಾಗಿ ನೋವಿನ ವಿಷಯ.

ಕಡೂರು_ತೆಂಗು

ಹೌದು ಮೇಷ್ಟ್ರೇ, ಕಾವಲಿಗೆ ಹತ್ತಿರ. ಬೆಳಿಗ್ಗೆ ಹೊತ್ತು ಕೃಷ್ಣಮೃಗ ನಮ್ಮ ಬದುವಿನವರೆಗೆ ಬರುತ್ತವೆ.

ಬೇಲೂರು_ಟೀಚರ್

ನನಗೆ ಇನ್ನೊಂದು ಪ್ರಶ್ನೆ. ಇದ್ದ ಕಾಲು ಹೋಗುವುದು ಯಾಕೆ? ಕಾಲಿದ್ದರೆ ಅನುಕೂಲ ಜಾಸ್ತಿ ಅಲ್ವಾ?

ಸಂಶೋಧಕಿ_ಚಿಕ್ಕಮಗಳೂರು

ಮೇಡಂ, ಬಯಲಲ್ಲಿ ಓಡಲು ಅನುಕೂಲ. ಮರಳಿನೊಳಗೆ ನುಗ್ಗಲು ಅದೇ ಕಾಲು ಅಡ್ಡ ಬರುತ್ತದೆ. ಅಲ್ಲಿ ಮೈ ಉದ್ದವಾಗಿ, ಬೆನ್ನುಮೂಳೆಯ ಮಣಿಗಳು ಹೆಚ್ಚಾಗಿ, ಮೈಯಿಂದಲೇ ತಳ್ಳಿಕೊಂಡು ಹೋಗುವುದು ಸುಲಭ. ಇದು ಒಂದು ಸಲ ಆದದ್ದಲ್ಲ. ಹಲ್ಲಿ, ಹಾವುಗಳ ಕುಲದಲ್ಲಿ ಕಾಲು ಕಳೆದುಕೊಳ್ಳುವುದು ಬೇರೆ ಬೇರೆಯಾಗಿ ಇಪ್ಪತ್ತಕ್ಕೂ ಹೆಚ್ಚು ಸಲ ನಡೆದಿದೆ. ಹಾವುಗಳದ್ದು ಅದರಲ್ಲಿ ಒಂದು ಅಷ್ಟೇ.

ಆಸ್ಟ್ರೇಲಿಯಾದ ಲೆರಿಸ್ಟಾ ಅನ್ನುವ ಹಾವುರಾಣಿಗಳನ್ನು ನೋಡಿ. ಒಂದೇ ಕುಲದೊಳಗೆ ಐದು ಬೆರಳಿನದ್ದೂ ಇದೆ, ಮೂರು ಬೆರಳಿನದ್ದೂ ಇದೆ, ಎರಡು ಬೆರಳಿನದ್ದೂ ಇದೆ, ಹಿಂಗಾಲು ಮಾತ್ರ ಉಳಿದದ್ದೂ ಇದೆ, ಏನೂ ಇಲ್ಲದ್ದೂ ಇದೆ. 2008ರ ಒಂದು ಅಧ್ಯಯನದ ಪ್ರಕಾರ ಐದು ಬೆರಳಿನಿಂದ ಪೂರ್ತಿ ಕಾಲಿಲ್ಲದ ಸ್ಥಿತಿಗೆ ಬರಲು 36 ಲಕ್ಷ ವರ್ಷ ಸಾಕಾಗಿದೆ. ವಿಕಾಸದ ಲೆಕ್ಕದಲ್ಲಿ ಇದು ಬಹಳ ಬೇಗ.

ಹಾವಿನ ಬಗ್ಗೆ 2016ರಲ್ಲಿ ಇಲಿಗಳ ಮೇಲೆ ಪ್ರಯೋಗ ಆಯಿತು. ಕಾಲು ಬೆಳೆಸುವ ವಂಶವಾಹಿಯನ್ನು ಚಾಲೂ ಮಾಡುವ ಒಂದು ತುಣುಕನ್ನು ಇಲಿಯಲ್ಲಿ ತೆಗೆದು, ಆ ಜಾಗಕ್ಕೆ ಹಾವಿನದ್ದನ್ನು ಇಟ್ಟರು. ಇಲಿಮರಿಗಳಿಗೆ ಕಾಲು ಸರಿಯಾಗಿ ಬೆಳೆಯಲೇ ಇಲ್ಲ.

ಉರಗ_ಹಾಸನ

ನಮ್ಮ ಹೆಬ್ಬಾವಿನಲ್ಲಿ ಹಿಂಗಾಲಿನ ಗುರುತು ಇನ್ನೂ ಇದೆ ಮೇಡಂ. ಗುದದ್ವಾರದ ಎರಡು ಪಕ್ಕ ಸಣ್ಣ ಉಗುರು. ಮಣ್ಣುಮುಕ್ಕದಲ್ಲೂ ಇದೆ. ಮಕ್ಕಳಿಗೆ ಇದನ್ನು ಹೇಳಿ, ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಬೀರೂರು_ಜಂಕ್ಷನ್

ಮಣ್ಣುಮುಕ್ಕ ಅಂದರೆ ಎರಡು ತಲೆ ಹಾವು ತಾನೇ? ಲಕ್ಷಗಟ್ಟಲೆ ಬೆಲೆ ಅಂತಾರಲ್ಲ.

ಉರಗ_ಹಾಸನ

ಎರಡು ತಲೆ ಇಲ್ಲ. ಬಾಲ ಮೊಂಡವಾಗಿದೆ, ಅಷ್ಟೇ. ಅದೃಷ್ಟ, ನಿಧಿ, ಔಷಧಿ ಎಲ್ಲ ಬರೀ ಮೋಸ. ಈ ಸುಳ್ಳಿಗೆ ಅದೆಷ್ಟು ಹಾವು ಸತ್ತಿವೆಯೋ. ಹಿಡಿದರೆ, ಮಾರಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜೈಲು. ಈ ವಿಷಯ ಇಲ್ಲಿಗೇ ಬಿಡಿ, ದಯವಿಟ್ಟು ಬೆಲೆ ಗಿಲೆ ಬರೆಯಬೇಡಿ.

ಚನ್ನರಾಯಪಟ್ಟಣ_ರಾಗಿ

ಸರಿ, ನನಗೆ ಒಂದು ಹೇಳಿ. ಹಾವುರಾಣಿ ಗೊಣ್ಣೆ ಹುಳ ತಿನ್ನುತ್ತಾ? ನಮ್ಮ ರಾಗಿ, ತೆಂಗು ಎರಡಕ್ಕೂ ಅದರದ್ದೇ ಕಾಟ.

ಸಂಶೋಧಕಿ_ಚಿಕ್ಕಮಗಳೂರು

ಮಣ್ಣಿನಲ್ಲಿ ಸಿಗುವ ಹುಳಗಳೇ ಅವುಗಳ ಊಟ ಅಣ್ಣ. ದುಂಬಿಯ ಮರಿಹುಳವೂ ಅದರಲ್ಲಿ ಸೇರಿದೆ. ಹಾವುರಾಣಿ ಇದ್ದರೆ ಗೊಣ್ಣೆ ಹುಳ ಪೂರ್ತಿ ಹೋಗುತ್ತದೆ ಅಂತ ನಾನು ಹೇಳಲ್ಲ. ಆದರೆ ಹುಳ ತಿನ್ನುವವರನ್ನೆಲ್ಲ ಹೊಡೆದು ಹಾಕಿ ಆಮೇಲೆ ಔಷಧಿ ಅಂಗಡಿಗೆ ದುಡ್ಡು ಕೊಡುವುದು ಯಾವ ಲೆಕ್ಕ?

ಚನ್ನರಾಯಪಟ್ಟಣ_ರಾಗಿ

ಅದು ಒಪ್ಪತಕ್ಕ ಮಾತು. ಬಾಲ ಕೆಂಪು ಇರುವುದನ್ನು ಇನ್ನು ಮುಂದೆ ಹೊಡೆಯಲ್ಲ. ಮಿಕ್ಕವಕ್ಕೆ ಗ್ಯಾರಂಟಿ ಕೊಡಲಾರೆ.

ಅರಸೀಕೆರೆ_ಅಜ್ಜಿಮನೆ

ತೆಂಗು ಅಣ್ಣ, ತೆಂಗಿಗೆ ಅಷ್ಟು ಅವಸರ ಯಾಕೆ? ನಮ್ಮ ಕಡೆ ಕೊಳವೆಬಾವಿಗಳು ಬತ್ತಿ ಇದ್ದ ಮರಗಳೇ ಒಣಗಿವೆ. ನೀರಿನ ಗತಿ ನೋಡಿಕೊಂಡು ಇಡಿ.

ಕಡೂರು_ತೆಂಗು

ನೀರಿನದ್ದೇ ಚಿಂತೆ ಅಕ್ಕ. 2 ಎಕರೆಗೂ ಸಾಲುವಷ್ಟು ಇಲ್ಲ ಅಂತ ನನಗೂ ಗೊತ್ತು. ದೊಡ್ಡಪ್ಪ ಒಪ್ಪುತ್ತಿಲ್ಲ.

ಎಲ್ಲರ ಮಾತು ಓದಿದೆ. ಕಾಲಿಲ್ಲದ್ದು ನಮ್ಮಲ್ಲಿ ಇರುವ ಸಂಭವ ಕಡಿಮೆ ಅಂತ ಅರ್ಥವಾಯಿತು. ಆದರೂ ಬದುವನ್ನು ಒಮ್ಮೆ ನೋಡಬೇಕು ಅನ್ನಿಸಿದೆ. ಕಲ್ಲು ಎತ್ತುವಾಗ ಏನು ಜೋಪಾನ ಮಾಡಬೇಕು?

ಉರಗ_ಹಾಸನ

ಇದು ಮುಖ್ಯ, ಎಲ್ಲರೂ ಓದಿ. ಬಯಲುಸೀಮೆಯ ಕಲ್ಲಿನಡಿ ಗರಗಸ ಮಂಡಲ ಇರುತ್ತದೆ, ಚೇಳೂ ಇರುತ್ತದೆ. ಬರಿಗೈ ಕಲ್ಲಿನ ಕೆಳಗೆ ಹಾಕಲೇಬೇಡಿ. ಕುಡುಗೋಲು ಅಥವಾ ಹಾರೆ ತಗೊಳ್ಳಿ. ಕಲ್ಲಿನ ಆಚೆ ಅಂಚನ್ನು ನಿಮ್ಮ ಕಡೆಗೆ ಎತ್ತಿ. ಆಗ ಕಲ್ಲು ನಿಮಗೂ ಅದಕ್ಕೂ ನಡುವೆ ಅಡ್ಡ ಇರುತ್ತದೆ, ಕೆಳಗಿದ್ದದ್ದು ಆಚೆ ಹೋಗುತ್ತದೆ. ಬೂಟು ಹಾಕಿಕೊಳ್ಳಿ. ನೋಡಿದ ಮೇಲೆ ಕಲ್ಲನ್ನು ಇದ್ದ ಮಗ್ಗುಲಲ್ಲೇ ಇಡಿ. ಕೆಳಗೆ ಪ್ರಾಣಿ ಇದ್ದರೆ ಅದು ಸರಿದ ಮೇಲೆ ಇಡಿ, ಇಲ್ಲದಿದ್ದರೆ ಜಜ್ಜಿ ಹೋಗುತ್ತದೆ.

ಸಂಶೋಧಕಿ_ಚಿಕ್ಕಮಗಳೂರು

ಮೊದಲ ಮಳೆ ಬಿದ್ದ ಮಾರನೇ ಬೆಳಿಗ್ಗೆ ನೋಡಿ, ಬಿಸಿಲು ಏರುವ ಮೊದಲು. ಏನು ಕಂಡರೂ ತಲೆ, ಪಕ್ಕ, ಬಾಲದ ಬುಡ, ಮೂರು ಕಡೆಯಿಂದ ಫೋಟೊ ತೆಗೆಯಿರಿ. ಮುಟ್ಟುವುದು, ಡಬ್ಬಿಗೆ ಹಾಕುವುದು ಬೇಡ. ಫೋಟೊವನ್ನು ಐ-ನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ, ದಾಖಲೆಯೂ ಉಳಿಯುತ್ತದೆ.

ಮೇಷ್ಟ್ರು_ತರೀಕೆರೆ

ನನ್ನ ಸಲಹೆ: ಜಮೀನು ಉಳುಮೆ ಮಾಡಿಕೊಳ್ಳಿ, ಬೇಡ ಅನ್ನಲ್ಲ. ಕಲ್ಲಿನ ಬದು ಮಾತ್ರ ಕೀಳಿಸಬೇಡಿ. ಬದುವಿನ ಎರಡು ಪಕ್ಕ ಒಂದೊಂದು ಮಾರು ಕುರುಚಲು ಬಿಡಿ. ಮಣ್ಣು ಕೊಚ್ಚಿ ಹೋಗುವುದೂ ತಪ್ಪುತ್ತದೆ. ದೊಡ್ಡಪ್ಪನವರಿಗೆ ಮಣ್ಣಿನ ಮಾತಿನಿಂದ ಶುರು ಮಾಡಿ, ಹಾವುರಾಣಿ ಆಮೇಲೆ.

ಕಡೂರು_ತೆಂಗು

ಇವತ್ತು ಸಂಜೆ ಮಾತಾಡಿದೆ. ಬದು ಉಳಿಸಲು ಒಪ್ಪಿದ್ದಾರೆ. ಕೃಷ್ಣಮೃಗ ಬರುವ ಕಡೆಯ ಅರ್ಧ ಎಕರೆಯನ್ನು ಈ ವರ್ಷ ಮುಟ್ಟುವುದು ಬೇಡ ಅಂದೆ, ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಮಿಕ್ಕದ್ದಕ್ಕೆ ಜೆಸಿಬಿ ಬರುತ್ತದೆ.

ಉರಗ_ಹಾಸನ

ಜೆಸಿಬಿ ಬರುವ ದಿನ ಮೊದಲೇ ಹೇಳಿ ಅಣ್ಣ. ನಾನು, ಇನ್ನೊಬ್ಬ ಹುಡುಗ ಬೆಳಿಗ್ಗೆಯೇ ಬರುತ್ತೇವೆ. ಯಂತ್ರದ ಮುಂದೆ ಒಂದು ಸುತ್ತು ನಡೆದು ಸಿಕ್ಕಿದ್ದನ್ನೆಲ್ಲ ಬದುವಿನ ಕಡೆ ಓಡಿಸಿದರೆ ಅರ್ಧ ಕೆಲಸ ಆಯಿತು. ದುಡ್ಡು ಬೇಡ.

ಬೀರೂರು_ಜಂಕ್ಷನ್

ನಾನೂ ಬರ್ತೀನಿ. ಕ್ಯಾಮೆರಾ ತರ್ತೀನಿ.